ಸ್ಟೀರಾಯ್ಡ್ ಶುಗರ್ ಮತ್ತು ಮೂಳೆಯ ಪ್ರೋಟೀನ್: ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಮೇಡಂ ನಮಸ್ತೆ. ನಮ್ಮಮ್ಮಂಗೆ 58 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಗಂಟು ಕಾಯಿಲೆಗೆ ಎಂಟು ತಿಂಗಳಿಂದ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ತಗೋತಿದಾರೆ, ಮೊದಲು 20 ಎಂಜಿ ಇತ್ತು, ಈಗ 10. ನಮ್ಮನೇಲಿ ಯಾರಿಗೂ ಶುಗರ್ ಇಲ್ಲ, ಅಮ್ಮಂಗೂ ಇರ್ಲಿಲ್ಲ, ಆದ್ರೆ ಹೋದ ತಿಂಗಳು ಊಟ ಆದ್ಮೇಲೆ ಚೆಕ್ ಮಾಡಿದ್ರೆ 260 ಬಂತು. ಅಪ್ಪ "ನೀನು ಕದ್ದು ಸಿಹಿ ತಿಂತೀಯ" ಅಂತ ದಿನಾ ಬೈತಾರೆ, ಅಮ್ಮ ಅಳ್ತಾರೆ. ಮೂಳೆಯಿಂದ ಬರೋ ಒಂದು ಪ್ರೋಟೀನ್ ಕಮ್ಮಿ ಆದ್ರೆ ಸ್ಟೀರಾಯ್ಡ್ ತಗೊಳೋರಿಗೆ ಶುಗರ್ ಬರುತ್ತೆ ಅಂತ ಎಲ್ಲೋ ಓದಿದೆ. ನಿಜಾನಾ? ಆ ಪ್ರೋಟೀನ್ ಮಾತ್ರೆ ಸಿಗುತ್ತಾ?
– ಒಬ್ಬ ಮಗಳು, ತುಮಕೂರು

ಉತ್ತರ: ಮೊದಲು ಈ ಪುಟನ ನಿಮ್ಮ ಅಪ್ಪ ಅವರ ಕೈಗೆ ಕೊಡಮ್ಮ, ಅವರು ಓದ್ಲಿ. ಸಾರ್, ನಿಮ್ಮ ಮನೆಯವರು ಕದ್ದು ತಿಂದಿಲ್ಲ. ಸ್ಟೀರಾಯ್ಡ್ ತಗೊಳೋರಿಗೆ ಒಂದು ಚೂರೂ ಸಿಹಿ ಮುಟ್ಟದೇ ಇದ್ರೂ ಶುಗರ್ ಏರುತ್ತೆ, ನನ್ನ ಕ್ಲಿನಿಕ್‌ನಲ್ಲಿ ವಾರಕ್ಕೊಬ್ಬರಾದ್ರೂ ಇದೇ ಬೈಗುಳ ತಿಂದ್ಕೊಂಡು ಬಂದಿರ್ತಾರೆ, ಗಂಟು ನೋವಲ್ಲಿ ಬೆಳಗ್ಗೆ ಕೈ ಮಡಚೋಕೆ ಆಗದೆ ಒದ್ದಾಡಿದೋರು ಮಾತ್ರೆಯಿಂದ ಸ್ವಲ್ಪ ಎದ್ದು ಓಡಾಡೋ ಹಾಗಾದ್ರೆ ಅಷ್ಟರಲ್ಲಿ ಈ ಮಾತು ಕೇಳಬೇಕು. ನಂಗೆ ಇದು ತುಂಬ ಸಂಕಟ ಆಗುತ್ತೆ.

ಈಗ ವಿಷಯಕ್ಕೆ ಬರೋಣ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಡೆಫ್ಲಾಜಕಾರ್ಟ್ ಇವೆಲ್ಲ ನಮ್ಮ ದೇಹದಲ್ಲೇ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ಮಾಡೋ ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಅಣ್ಣತಮ್ಮಂದಿರು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನೋ ಡಾಕ್ಟ್ರು ಮೊದಲ ಸಲ ಇಂಥದ್ದೊಂದನ್ನ ಕೊಟ್ಟಿದ್ದೂ ನಿಮ್ಮಮ್ಮನಿಗೆ ಇರೋ ಕಾಯಿಲೆನೇ ಇದ್ದ ಒಬ್ಬ ಹೆಣ್ಣುಮಗಳಿಗೆ, ಹಾಸಿಗೆ ಹಿಡಿದಿದ್ದೋರು ಕೆಲವೇ ದಿನಕ್ಕೆ ನಡೆದಾಡಿದ್ರು, 1950ರಲ್ಲಿ ಅವರಿಗೂ, ಈ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ ಕೆಂಡಾಲ್, ರೈಕ್‌ಸ್ಟೈನ್ ಅನ್ನೋ ವಿಜ್ಞಾನಿಗಳಿಗೂ ಸೇರಿಸಿ ನೊಬೆಲ್ ಬಂತು. ಅಷ್ಟು ದೊಡ್ಡ ಔಷಧಿ ಇದು. ಆದ್ರೆ ಬೇಗನೇ ಇನ್ನೊಂದು ಮುಖನೂ ಕಾಣಿಸ್ತು, ಮುಖ ಊದೋದು, ತೂಕ ಏರೋದು, ಮೂಳೆ ಸವೆಯೋದು, ಶುಗರ್ ಬರೋದು.

ಶುಗರ್ ಯಾಕೆ ಏರುತ್ತೆ ಅನ್ನೋದಕ್ಕೆ ಎಷ್ಟೋ ವರ್ಷದಿಂದ ಪಾಠದಲ್ಲಿ ಹೇಳ್ಕೊಟ್ಟಿರೋ ಕಾರಣ ಮೂರು. ಲಿವರ್ ತಾನಾಗೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡೋದನ್ನ ಸ್ಟೀರಾಯ್ಡ್ ಜಾಸ್ತಿ ಮಾಡುತ್ತೆ. ಮಾಂಸಖಂಡ ಇನ್ಸುಲಿನ್ ಮಾತು ಕೇಳೋದು ಕಮ್ಮಿ ಮಾಡುತ್ತೆ, ಅಂದ್ರೆ ಊಟ ಆದ್ಮೇಲೆ ರಕ್ತದಲ್ಲಿರೋ ಸಕ್ಕರೆ ಒಳಗೆ ಹೋಗಲ್ಲ. ಪ್ಯಾಂಕ್ರಿಯಾಸ್‌ನ ಬೀಟಾ ಸೆಲ್‌ಗಳು ಕೂಡ ಇದಕ್ಕೆ ತಕ್ಕ ಹಾಗೆ ಇನ್ಸುಲಿನ್ ಸುರಿಸೋಕೆ ಆಗದೆ ಸುಸ್ತಾಗ್ತವೆ. 2021ರಲ್ಲಿ ಕೋವಿಡ್ ಎರಡನೇ ಅಲೆಲಿ ನಾವು ನಮ್ಮ ಕರ್ನಾಟಕದಲ್ಲೂ ಇದನ್ನ ಕಣ್ಣಾರೆ ಕಂಡ್ವಿ. ಡೆಕ್ಸಾಮೆಥಸೋನ್ ಜೀವ ಉಳಿಸ್ತು, ಆಕ್ಸಿಜನ್ ಬೇಕಾದ ಪೇಷಂಟ್‌ಗೆ ದಿನಕ್ಕೆ 6 ಎಂಜಿ, ಹೆಚ್ಚು ಅಂದ್ರೆ 10 ದಿನ ಅಂತ ಇತ್ತು, ಆದ್ರೆ ಬೇಕಿಲ್ಲದೋರಿಗೂ ಬೇಕಾದಷ್ಟು ದಿನ ಕೊಟ್ಟು ಶುಗರ್ ನೋಡದೇ ಬಿಟ್ಟ ಕಡೆ ಬ್ಲ್ಯಾಕ್ ಫಂಗಸ್ ಬಂದು ಎಷ್ಟೋ ಜನ ಕಣ್ಣು ಕಳ್ಕೊಂಡ್ರು. ಆ ದಿನಗಳನ್ನ ನಾನು ಮರೆಯೋಕಾಗಲ್ಲ.

ಇನ್ನು ಮೂಳೆ ವಿಷಯ. ನೀವು ಓದಿದ್ದು ಸುಳ್ಳಲ್ಲ. ಆ ಪ್ರೋಟೀನ್ ಹೆಸರು ಆಸ್ಟಿಯೋಕ್ಯಾಲ್ಸಿನ್. ಮೂಳೆ ಅಂದ್ರೆ ಸುಮ್ನೆ ಸುಣ್ಣದ ಕಂಬ ಅಂದ್ಕೊಂಡಿರ್ತೀವಿ, ಹಾಗಲ್ಲ, ಅಲ್ಲಿ ಹಳೇ ಮೂಳೆ ಕೆಡವೋ ಸೆಲ್‌ಗಳಿವೆ, ಹೊಸ ಮೂಳೆ ಕಟ್ಟೋ ಸೆಲ್‌ಗಳಿವೆ, ಮನೆ ರಿಪೇರಿ ಥರ ಜೀವನಪೂರ್ತಿ ಕೆಲಸ ನಡೀತಾನೇ ಇರುತ್ತೆ. ಕಟ್ಟೋ ಸೆಲ್‌ಗೆ ಆಸ್ಟಿಯೋಬ್ಲಾಸ್ಟ್ ಅಂತಾರೆ, ಇದೇ ಆಸ್ಟಿಯೋಕ್ಯಾಲ್ಸಿನ್ ಮಾಡೋದು. ಮನುಷ್ಯರಲ್ಲಿ 49 ಅಮೈನೋ ಆಸಿಡ್‌ಗಳ ಚಿಕ್ಕ ಪ್ರೋಟೀನ್. 1970ರ ದಶಕದಲ್ಲೇ ಕಂಡುಹಿಡಿದಿದ್ರು, ಆದ್ರೆ ತುಂಬ ವರ್ಷ ಇದು ಮೂಳೆಗೆ ಮಾತ್ರ ಸಂಬಂಧಪಟ್ಟಿದ್ದು ಅಂತಲೇ ಅಂದ್ಕೊಂಡಿದ್ರು. ವಿಟಮಿನ್ ಕೆ ಇದ್ರೆ ಇದಕ್ಕೆ ಮೂರು ಕಡೆ ಒಂದು ರಾಸಾಯನಿಕ ಕೊಕ್ಕೆ ಸಿಕ್ಕಿಸಲಾಗುತ್ತೆ, ಆ ಕೊಕ್ಕೆಯಿಂದ ಕ್ಯಾಲ್ಸಿಯಂ ಹಿಡ್ಕೊಂಡು ಮೂಳೆಲೇ ಕೂತ್ಕೊಳುತ್ತೆ. ಕೊಕ್ಕೆ ಪೂರ್ತಿ ಸಿಕ್ಕದೇ ಇರೋದು ಮೂಳೆಗೆ ಅಷ್ಟು ಗಟ್ಟಿಯಾಗಿ ಅಂಟಲ್ಲ, ರಕ್ತಕ್ಕೆ ಸೇರಿ ತಿರುಗಾಡುತ್ತೆ.

2007ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟಿಲಿ ಜೆರಾರ್ಡ್ ಕಾರ್ಸೆಂಟಿ ಅವರ ತಂಡ ಒಂದು ಆಶ್ಚರ್ಯದ ವಿಷಯ ಹೇಳ್ತು. ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಹಾಗೆ ಮಾಡಿದ ಇಲಿಗಳಲ್ಲಿ ಕೊಬ್ಬು ಜಾಸ್ತಿ, ಶುಗರ್ ಜಾಸ್ತಿ, ಇನ್ಸುಲಿನ್ ಕಮ್ಮಿ. ಅಂದ್ರೆ ಮೂಳೆ ಪ್ಯಾಂಕ್ರಿಯಾಸ್‌ಗೆ ಸುದ್ದಿ ಕಳಿಸುತ್ತೆ, ಮೂಳೆನೂ ಒಂದು ಹಾರ್ಮೋನ್ ಗ್ರಂಥಿ ಥರ ಕೆಲಸ ಮಾಡುತ್ತೆ ಅನ್ನೋ ಮಾತು ಶುರುವಾಯ್ತು.

ಇಲ್ಲಿಗೆ ಸ್ಟೀರಾಯ್ಡ್ ಸೇರಿಸಿ ನೋಡಿ. ಸ್ಟೀರಾಯ್ಡ್‌ಗೆ ಮೂಳೆ ಕಟ್ಟೋ ಸೆಲ್ ಕಂಡ್ರೆ ಆಗಲ್ಲ, ಮಾತ್ರೆ ಶುರು ಮಾಡಿದ ಕೆಲವೇ ದಿನದಲ್ಲಿ ರಕ್ತದಲ್ಲಿ ಆಸ್ಟಿಯೋಕ್ಯಾಲ್ಸಿನ್ ಇಳಿಯುತ್ತೆ, ದಿನಕ್ಕೆ 5 ಎಂಜಿಯಷ್ಟು ಕಮ್ಮಿ ಡೋಸ್‌ನಲ್ಲೂ ಇಳಿದಿದ್ದು ಕಂಡಿದೆ. ಹಾಗಾದ್ರೆ ಸ್ಟೀರಾಯ್ಡ್ ಶುಗರ್‌ಗೆ ಮೂಳೆನೂ ಕಾರಣ ಇರಬಹುದಾ? ಈ ಪ್ರಶ್ನೆ ಎತ್ಕೊಂಡೋರು ಆಸ್ಟ್ರೇಲಿಯಾದ ಸಿಡ್ನಿಯ ಮಾರ್ಕುಸ್ ಸೈಬೆಲ್, ಹಾಂಗ್ ಝೌ ಅವರ ತಂಡ, 2012ರಲ್ಲಿ ಬರೆದ್ರು. ಅವರು ಮಾಡಿದ ಉಪಾಯ ನಂಗೆ ಇವತ್ತಿಗೂ ತುಂಬ ಇಷ್ಟ. ನಮ್ಮ ಕಿಡ್ನಿಲಿ ಕಾರ್ಟಿಸಾಲ್‌ನ ನಿಷ್ಕ್ರಿಯ ಮಾಡೋ ಒಂದು ಕಿಣ್ವ ಇದೆ. ಆ ಕಿಣ್ವನ ಮೂಳೆ ಕಟ್ಟೋ ಸೆಲ್‌ಗಳಲ್ಲಿ ಮಾತ್ರ ಬರೋ ಹಾಗೆ ಇಲಿಗಳನ್ನ ತಯಾರು ಮಾಡಿದ್ರು. ಅಂದ್ರೆ ಇಡೀ ದೇಹಕ್ಕೆ ಸ್ಟೀರಾಯ್ಡ್ ತಾಗುತ್ತೆ, ಲಿವರ್‌ಗೂ ತಾಗುತ್ತೆ ಮಾಂಸಕ್ಕೂ ತಾಗುತ್ತೆ, ಮೂಳೆ ಸೆಲ್ ಬಾಗಿಲಲ್ಲಿ ಮಾತ್ರ ಕಾವಲುಗಾರ ಕೂತಿದ್ದಾನೆ. ಪಾಠದಲ್ಲಿ ಓದಿದ ಮೂರು ಕಾರಣ ಅಷ್ಟೇ ಆಗಿದ್ರೆ ಈ ಇಲಿಗಳಿಗೂ ಬೇರೆ ಇಲಿಗಳ ಥರಾನೇ ಶುಗರ್ ಏರಬೇಕಿತ್ತು ಅಲ್ವಾ? ಏರ್ಲಿಲ್ಲ. ಸಾಮಾನ್ಯ ಇಲಿಗಳಲ್ಲಿ ಆಸ್ಟಿಯೋಕ್ಯಾಲ್ಸಿನ್ ಕುಸಿದು, ತೂಕ ಏರಿ, ಇನ್ಸುಲಿನ್ ಕೆಲಸ ಕೆಟ್ಟಿತು, ಕಾವಲಿದ್ದ ಇಲಿಗಳಲ್ಲಿ ಆಸ್ಟಿಯೋಕ್ಯಾಲ್ಸಿನ್ ಅಷ್ಟು ಕುಸೀಲಿಲ್ಲ, ಶುಗರ್ ತೊಂದರೆನೂ ಆಗ್ಲಿಲ್ಲ.

ಅಲ್ಲಿಗೇ ನಿಲ್ಲಿಸ್ಲಿಲ್ಲ ಅವರು. ಇನ್ನೊಂದಷ್ಟು ಇಲಿಗಳಿಗೆ ಆಸ್ಟಿಯೋಕ್ಯಾಲ್ಸಿನ್ ಜೀನ್‌ನ ಲಿವರ್‌ಗೆ ಹಾಕಿ, ಲಿವರ್‌ನಿಂದಲೇ ಆ ಪ್ರೋಟೀನ್ ಬರೋ ಹಾಗೆ ಮಾಡಿ ಆಮೇಲೆ ಸ್ಟೀರಾಯ್ಡ್ ಕೊಟ್ರು, ಆಗಲೂ ಹೆಚ್ಚುಕಮ್ಮಿ ಅದೇ ಫಲ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡ್ತು, ಲಿವರ್‌ನಲ್ಲಿ ಕೊಬ್ಬು ಕೂಡ ಕಮ್ಮಿ ಆಯ್ತು. ಹಾಗಾಗಿ ಸ್ಟೀರಾಯ್ಡ್ ಶುಗರ್‌ನ ಒಂದು ಭಾಗ ಮೂಳೆ ಮೂಲಕ ಬರುತ್ತೆ ಅಂತ ಬರೆದ್ರು. ಒಂದು ಭಾಗ ಅಂದ್ರು ಅಷ್ಟೇ, ಪೂರ್ತಿ ಅಂತ ಹೇಳಿಲ್ಲ.

ಈಗ ಇದರ ಎದುರಿಗಿರೋ ಮಾತನ್ನೂ ಹೇಳಬೇಕು, ಹೇಳ್ದೇ ಬಿಟ್ರೆ ನಿಮಗೆ ಮೋಸ ಮಾಡಿದ ಹಾಗೆ. 2020ರಲ್ಲಿ ಅಮೆರಿಕದ ಒಂದು ತಂಡ, ಜಪಾನಿನ ಒಂದು ತಂಡ, ಇಬ್ಬರೂ ಬೇರೆ ಬೇರೆಯಾಗಿ ಹೊಸದಾಗಿ ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನ ಮಾಡಿ ನೋಡಿದ್ರು, ಅವುಗಳ ಶುಗರ್ ನಾರ್ಮಲ್ ಆಗೇ ಇತ್ತು. 2007ರ ಇಲಿಗೂ 2020ರ ಇಲಿಗೂ ಯಾಕಿಷ್ಟು ವ್ಯತ್ಯಾಸ ಅಂತ ಇನ್ನೂ ಜಗಳ ಮುಗಿದಿಲ್ಲ. ಇಲಿಗೂ ನಮಗೂ ವ್ಯತ್ಯಾಸ ಬೇರೆ ಇದೆ, ವಿಟಮಿನ್ ಡಿ ನಮ್ಮಲ್ಲಿ ಆಸ್ಟಿಯೋಕ್ಯಾಲ್ಸಿನ್ ಏರಿಸಿದ್ರೆ ಇಲಿಲಿ ಇಳಿಸುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಸ್ಟೀರಾಯ್ಡ್ ಶುಗರ್‌ನಲ್ಲಿ ಮೂಳೆ ಸೆಲ್‌ಗಳ ಪಾತ್ರ ಇದೆ ಅನ್ನೋದನ್ನ ಸಿಡ್ನಿ ಪ್ರಯೋಗ ಚೆನ್ನಾಗಿ ತೋರಿಸಿದೆ, ಆದ್ರೆ ಅದೆಲ್ಲ ಆಸ್ಟಿಯೋಕ್ಯಾಲ್ಸಿನ್ ಒಂದರಿಂದಲೇ ಅಂತ ಒಪ್ಪೋಕೆ ನಂಗೆ ಆಗ್ತಿಲ್ಲ. ಮೂಳೆ ಬೇರೆ ಪ್ರೋಟೀನ್‌ಗಳನ್ನೂ ಕಳಿಸುತ್ತೆ, ಲಿಪೋಕ್ಯಾಲಿನ್-2 ಅಂತ ಒಂದು ಇಲಿಗಳಲ್ಲಿ ಹಸಿವು ಕಮ್ಮಿ ಮಾಡುತ್ತೆ ಅಂತ 2017ರಲ್ಲಿ ಗೊತ್ತಾಗಿದೆ.

ಹಾಗಾಗಿ ಮಾತ್ರೆ ಸಿಗುತ್ತಾ ಅಂದ್ರಲ್ಲ, ಶುಗರ್‌ಗೆ ಅಂತ ಆಸ್ಟಿಯೋಕ್ಯಾಲ್ಸಿನ್ ಚಿಕಿತ್ಸೆ ಇಲ್ಲ. ಯಾರಾದ್ರೂ ಮಾರ್ತಾ ಇದ್ರೆ ತಗೋಬೇಡಿ. ಅಮ್ಮನ್ನ ಶುಗರ್ ನೋಡೋ ಡಾಕ್ಟ್ರ ಹತ್ರ ಈ ವಾರಾನೇ ಕರ್ಕೊಂಡು ಹೋಗಿ, ಊಟ ಆದ್ಮೇಲೆ 260 ಅನ್ನೋದು ಸುಮ್ನೆ ಕೂರೋ ನಂಬರ್ ಅಲ್ಲ. ಗಂಟು ನೋಡೋ ಡಾಕ್ಟ್ರಿಗೂ ಈ ನಂಬರ್ ತೋರಿಸಿ, ಗಂಟು ಕಾಯಿಲೆನೇ ಹತೋಟಿಗೆ ತರೋ ಮೆಥೊಟ್ರೆಕ್ಸೇಟ್ ಥರದ ಮಾತ್ರೆ ಸರಿಯಾಗಿ ಕೆಲಸ ಹಿಡಿದ್ರೆ ಪ್ರೆಡ್ನಿಸೊಲೋನ್ ಇನ್ನೂ ಇಳಿಸೋಕೆ ಆಗುತ್ತೆ, ಅದು ಇಳಿದ ಹಾಗೆ ಎಷ್ಟೋ ಜನಕ್ಕೆ ಶುಗರ್ ಕೂಡ ಇಳಿಯುತ್ತೆ.

ಪ್ರಶ್ನೆ: ಡಾಕ್ಟ್ರ ನಮಸ್ಕಾರ್ರೀ. ನಮ್ಮ ತಂದೆಯವರಿಗೆ ಕಿಡ್ನಿ ತ್ರಾಸಿಗೆ ಅಂತ ದಿನಾ ಮುಂಜಾನೆ ಸ್ಟೀರಾಯ್ಡ್ ಗುಳಿಗಿ ಕೊಟ್ಟಾರ್ರೀ. ಖಾಲಿ ಹೊಟ್ಟಿ ಶುಗರ್ 98 ಬರ್ತದ, ಹಂಗಾಗಿ ಎಲ್ಲಾ ಛಲೋ ಐತಿ ಅಂದ್ಕೊಂಡಿದ್ವಿ. ಮೊನ್ನೆ ಸಂಜಿ ಮುಂದ ತಲಿ ತಿರುಗ್ತು ಅಂತ ನೋಡಿದ್ರ 290! ಮಷಿನ್ ಕೆಟ್ಟೈತೇನ್ರೀ?
– ಹುಬ್ಬಳ್ಳಿ ಓದುಗರು

ಉತ್ತರ: ಮಷಿನ್ ಕೆಟ್ಟಿಲ್ಲ ರೀ. ಎರಡೂ ನಂಬರ್ ಖರೇನೇ ಇರಬೇಕು, ಮತ್ತು ನೀವು ಕೇಳಿದ್ದು ತುಂಬ ಒಳ್ಳೇದಾಯ್ತು, ಯಾಕಂದ್ರೆ ಸ್ಟೀರಾಯ್ಡ್ ಶುಗರ್ ಹಿಡಿಯೋದ್ರಲ್ಲಿ ಎಲ್ಲರೂ ಎಡವೋದು ಇಲ್ಲೇ. ಬೆಳಗ್ಗೆ ಎಂಟಕ್ಕೆ ಪ್ರೆಡ್ನಿಸೊಲೋನ್ ತಗೊಂಡ್ರೆ ಮಧ್ಯಾಹ್ನದ ಹೊತ್ತಿಗೆ ಶುಗರ್ ಏರೋಕೆ ಶುರುವಾಗುತ್ತೆ, ಊಟ ಆದ್ಮೇಲಿಂದ ಸಂಜೆವರೆಗೂ ಜಾಸ್ತಿ, ರಾತ್ರಿ ಮಲಗಿದಾಗ ಇಳಿದು ಬೆಳಗ್ಗೆಗೆ ನಾರ್ಮಲ್. ನಾವು ಬೆಳಗ್ಗೆ ಖಾಲಿ ಹೊಟ್ಟೆಲಿ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟು 98 ನೋಡಿ ನೆಮ್ಮದಿಯಾಗಿ ಬಂದ್ಬಿಡ್ತೀವಿ. ಸ್ಟೀರಾಯ್ಡ್ ತಗೊಳೋರು ಮಧ್ಯಾಹ್ನ ಊಟ ಆಗಿ ಎರಡು ಗಂಟೆಗೆ, ಇಲ್ಲಾ ರಾತ್ರಿ ಊಟಕ್ಕೆ ಮುಂಚೆ ನೋಡ್ಕೋಬೇಕು. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಕೂಡ ಶುರುವಿನ ವಾರಗಳಲ್ಲಿ ಏನೂ ಹೇಳಲ್ಲ, ಅದು ಏರೋಕೆ ಟೈಮ್ ಬೇಕು.

ಇದರಿಂದ ಇನ್ನೊಂದು ಅಪಾಯ ಇದೆ. ಸಂಜೆ 290 ಇದೆ ಅಂತ ಗಾಬರಿಯಾಗಿ ರಾತ್ರಿ ಹೊತ್ತು ಕೆಲಸ ಮಾಡೋ ಇನ್ಸುಲಿನ್ ಜಾಸ್ತಿ ಮಾಡಿದ್ರೆ ಬೆಳಗಿನ ಜಾವ ಶುಗರ್ ಲೋ ಆಗಿ ಬೆವತು ಬಿದ್ದುಹೋಗ್ತಾರೆ. ಅದಕ್ಕೇ ಇಂಥ ಪೇಷಂಟ್‌ಗೆ ಇನ್ಸುಲಿನ್ ಬೇಕಾದ್ರೆ ಎನ್‌ಪಿಎಚ್ ಅನ್ನೋ, ಮಧ್ಯಮ ಹೊತ್ತು ಕೆಲಸ ಮಾಡೋ ಇನ್ಸುಲಿನ್‌ನ ಬೆಳಗ್ಗೆ, ಸ್ಟೀರಾಯ್ಡ್ ಜೊತೇಲೇ ಕೊಡೋದುಂಟು, ಎರಡರ ಏರಿಳಿತ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತೆ. ಕಿಡ್ನಿ ತೊಂದರೆ ಇರೋದ್ರಿಂದ ಶುಗರ್ ಮಾತ್ರೆ ಯಾವುದು ಅಂತ ಕಿಡ್ನಿ ಡಾಕ್ಟ್ರೇ ನೋಡಿ ಹೇಳಬೇಕು, ಪಕ್ಕದ ಮನೆಯೋರ ಗುಳಿಗಿ ಕೊಡಬೇಡ್ರಿ. ನಾಲ್ಕು ದಿನ ನಾಲ್ಕು ಹೊತ್ತು ನೋಡಿ ಒಂದು ಚೀಟಿಲಿ ಬರ್ಕೊಂಡು ಹೋಗಿ, ಅಷ್ಟಿದ್ರೆ ಅವರಿಗೆ ಅರ್ಧ ಕೆಲಸ ಮುಗಿಯುತ್ತೆ. ತಂದೆಯವರಿಗೆ ಬಾಯಾರಿಕೆ, ಪದೇ ಪದೇ ಮೂತ್ರ, ತುಂಬ ಮಂಪರು ಅಂತ ಇದ್ರೆ ಮಾತ್ರ ಚೀಟಿ ಗೀಟಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ.

ಪ್ರಶ್ನೆ: ನನಗೆ 63 ವರ್ಷ, ಸ್ಟೀರಾಯ್ಡ್ ಮಾತ್ರೆ ನಡೀತಾ ಇದೆ, ಮೂಳೆ ಸವೆದಿದೆ ಅಂತ ವರ್ಷಕ್ಕೊಂದು ಝೋಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕ್ತೀವಿ ಅಂದಿದ್ದಾರೆ. ಮೊಮ್ಮಗ ಮೆಡಿಕಲ್ ಓದ್ತಾನೆ, ಈ ಇಂಜೆಕ್ಷನ್‌ನಿಂದ ಆಸ್ಟಿಯೋಕ್ಯಾಲ್ಸಿನ್ ಕಮ್ಮಿ ಆಗುತ್ತೆ ಅಜ್ಜಿ, ಶುಗರ್ ಇನ್ನೂ ಜಾಸ್ತಿ ಆಗಬಹುದು ಅಂತ ಹೆದರಿಸ್ತಾನೆ. ಹಾಕಿಸ್ಕೊಳ್ಳಲಾ ಬೇಡ್ವಾ?
– ಮೈಸೂರು

ಉತ್ತರ: ಮೊಮ್ಮಗ ಚೆನ್ನಾಗಿ ಓದ್ತಿದಾನೆ ಅಮ್ಮಾ, ಅವನ ಲೆಕ್ಕ ಸರಿಯಾಗೇ ಇದೆ. ಆ ಡ್ರಿಪ್ ಮೂಳೆ ಕೆಡವೋ ಕೆಲಸ ನಿಧಾನ ಮಾಡುತ್ತೆ, ಕೆಡವೋದು ನಿಧಾನ ಆದ್ರೆ ಕಟ್ಟೋದೂ ನಿಧಾನ ಆಗುತ್ತೆ, ಆಸ್ಟಿಯೋಕ್ಯಾಲ್ಸಿನ್ ಇಳಿಯುತ್ತೆ. ಆದ್ರೆ ಇದನ್ನ ಮನುಷ್ಯರಲ್ಲೇ ನೋಡಿ ಆಗಿದೆ. ಅಲೆಂಡ್ರೊನೇಟ್, ಝೋಲೆಡ್ರೋನಿಕ್ ಆಸಿಡ್, ಡೆನೊಸುಮ್ಯಾಬ್ ಈ ಮೂರು ಮೂಳೆ ಸವೆತದ ಔಷಧಿಗಳ ಮೂರು ದೊಡ್ಡ ಟ್ರಯಲ್‌ಗಳನ್ನ ಸೇರಿಸಿ, ಮುಟ್ಟು ನಿಂತ ಸಾವಿರಾರು ಹೆಣ್ಣುಮಕ್ಕಳಲ್ಲಿ ಫಾಸ್ಟಿಂಗ್ ಶುಗರ್, ತೂಕ, ಹೊಸದಾಗಿ ಡಯಾಬಿಟಿಸ್ ಬಂದಿದ್ದು ಎಲ್ಲ ಲೆಕ್ಕ ಹಾಕಿ 2013ರಲ್ಲಿ ಬರೆದ್ರು, ಔಷಧಿ ತಗೊಂಡೋರಿಗೂ ತಗೊಳ್ದೇ ಇದ್ದೋರಿಗೂ ವ್ಯತ್ಯಾಸ ಇರ್ಲಿಲ್ಲ. ಇಲಿಲಿ ಕಂಡಿದ್ದೆಲ್ಲ ಅಜ್ಜಿಯಲ್ಲಿ ಕಾಣಲ್ಲ ಅಂತ ಮೊಮ್ಮಗನಿಗೆ ಹೇಳಿ, ಅವನಿಗೆ ಮುಂದೆ ತುಂಬ ಉಪಯೋಗಕ್ಕೆ ಬರುತ್ತೆ.

ಡ್ರಿಪ್ ಹಾಕಿಸ್ಕೊಳ್ಳಿ. ಸ್ಟೀರಾಯ್ಡ್‌ನಿಂದ ಮೂಳೆ ಸವೆಯೋದು ಮೊದಲ ಮೂರರಿಂದ ಆರು ತಿಂಗಳಲ್ಲೇ ಜೋರು, ಕಾದಷ್ಟೂ ನಷ್ಟ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ಏನಾಗುತ್ತೆ ಅನ್ನೋದು ನಿಮ್ಮ ವಯಸ್ಸಿನೋರಿಗೆ ನಾನು ಹೇಳಬೇಕಿಲ್ಲ. ಹಾಕೋಕೆ ಮುಂಚೆ ಕಿಡ್ನಿ ಟೆಸ್ಟು, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿ, ಹಲ್ಲು ಕೀಳಿಸೋದಿದ್ರೆ ಮೊದಲೇ ಕೀಳಿಸ್ಕೊಂಡುಬಿಡಿ. ಹಾಕಿಸಿದ ಮೇಲೆ ಎರಡು ಮೂರು ದಿನ ಮೈ ಕೈ ನೋವು ಜ್ವರ ಬರಬಹುದು, ಹೆದರಬೇಡಿ.

ಪ್ರಶ್ನೆ: ಮೂಳೆಯಲ್ಲಿ ಶುಗರ್ ಕಮ್ಮಿ ಮಾಡೋ ಪ್ರೋಟೀನ್ ಇದ್ರೆ ವಾರಕ್ಕೆರಡು ಸಲ ಕಾಲ್ ಸೂಪ್ ಕುಡಿದ್ರೆ ಆಗಲ್ವಾ? ಇಲ್ಲಾಂದ್ರೆ ವಿಟಮಿನ್ ಕೆ ಮಾತ್ರೆ?
– ಮಂಡ್ಯ

ಉತ್ತರ: ಕಾಲ್ ಸೂಪ್ ರುಚಿಗೆ ಕುಡೀರಿ, ಶುಗರ್ ಔಷಧಿ ಅಂತ ಬೇಡ. ಪ್ರೋಟೀನ್ ಅಂದ್ರೆ ಹೊಟ್ಟೆಗೆ ಹೋದ್ಮೇಲೆ ತುಂಡು ತುಂಡಾಗಿ ಜೀರ್ಣ ಆಗುತ್ತೆ, ಇನ್ಸುಲಿನ್‌ನ ಕುಡಿಯದೆ ಚುಚ್ಚಿಕೊಳ್ಳೋದೂ ಅದೇ ಕಾರಣಕ್ಕೆ. ವಿಟಮಿನ್ ಕೆ ವಿಷಯ ಸ್ವಲ್ಪ ಉಲ್ಟಾ. ಮೇಲೆ ಕೊಕ್ಕೆ ಅಂದೆನಲ್ಲ, ಇಲಿ ಲೆಕ್ಕದ ಪ್ರಕಾರ ಕೊಕ್ಕೆ ಇಲ್ಲದ ಆಸ್ಟಿಯೋಕ್ಯಾಲ್ಸಿನ್ನೇ ಶುಗರ್‌ಗೆ ಒಳ್ಳೇದು, ವಿಟಮಿನ್ ಕೆ ಕೊಟ್ರೆ ಕೊಕ್ಕೆ ಜಾಸ್ತಿ ಆಗಿ ಶುಗರ್ ಕೆಡಬೇಕಿತ್ತು. ಮನುಷ್ಯರಿಗೆ ಮೂರು ವರ್ಷ ಕೊಟ್ಟು ನೋಡಿದ ಒಂದು ಟ್ರಯಲ್‌ನಲ್ಲಿ ಕೆಡ್ಲಿಲ್ಲ, ವಯಸ್ಸಾದ ಗಂಡಸರಲ್ಲಿ ಇನ್ಸುಲಿನ್ ಕೆಲಸ ಸ್ವಲ್ಪ ಸುಧಾರಿಸ್ತು. ಹೀಗೆ ಲೆಕ್ಕ ಇನ್ನೂ ಕೂಡದಿರೋ ವಿಷಯಕ್ಕೆ ದುಡ್ಡು ಹಾಕಬೇಡಿ. ಸೊಪ್ಪಿನ ಸಾರು, ಬಸ್ಸಾರು ತಿನ್ನಿ, ಬೇಕಾದಷ್ಟು ವಿಟಮಿನ್ ಕೆ ಅದರಲ್ಲೇ ಇದೆ. ಹಾರ್ಟ್ ವಾಲ್ವ್ ಆಪರೇಷನ್ ಆಗಿ ರಕ್ತ ತೆಳು ಮಾಡೋ ವಾರ್ಫರಿನ್, ಅಸಿಟ್ರಾಮ್ ತಗೊಳೋರು ಮಾತ್ರ ವಿಟಮಿನ್ ಕೆ ಮಾತ್ರೆನ ಡಾಕ್ಟ್ರನ್ನ ಕೇಳದೆ ಮುಟ್ಟಲೇಬಾರದು, ಸೊಪ್ಪನ್ನೂ ಒಂದಿನ ರಾಶಿ ಒಂದಿನ ಇಲ್ಲ ಅನ್ನೋ ಹಾಗೆ ತಿನ್ನಬಾರದು.

ಪ್ರಶ್ನೆ: ಶುಗರ್ ಬಂತು ಅಂತ ನಮ್ಮ ಚಿಕ್ಕಪ್ಪ ಎರಡು ವರ್ಷದಿಂದ ತಗೊಳ್ತಿದ್ದ ಸ್ಟೀರಾಯ್ಡ್ ಮಾತ್ರೆ ಮೊನ್ನೆಯಿಂದ ತಾವೇ ನಿಲ್ಲಿಸಿದ್ದಾರೆ. ಈಗ ಸುಸ್ತು, ವಾಂತಿ. ಮಂಡಿ ನೋವಿಗೆ ಯಾರೋ ಕೊಟ್ಟ ಪುಡಿ ತಗೋತಿದಾರೆ.
– ಶಿವಮೊಗ್ಗ

ಉತ್ತರ: ಇದನ್ನ ಓದಿದ ತಕ್ಷಣ ಅವರನ್ನ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ನಾಳೆ ಅನ್ನಬೇಡಿ. (ಈ ಪತ್ರ ಬಂದ ದಿನವೇ ನಾನು ಇವರಿಗೆ ಫೋನ್ ಮಾಡಿ ಹೇಳಿದೀನಿ, ಬೇರೆಯವರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಹಾಕ್ತಿದೀನಿ.) ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ಸ್ಟೀರಾಯ್ಡ್ ತಗೊಂಡ್ರೆ ದೇಹದ ಸ್ವಂತ ಕಾರ್ಟಿಸಾಲ್ ಫ್ಯಾಕ್ಟರಿ ಬಾಗಿಲು ಹಾಕ್ಕೊಂಡಿರುತ್ತೆ, ಮಾತ್ರೆ ಒಂದೇ ಸಲ ನಿಲ್ಲಿಸಿದ್ರೆ ಒಳಗೆ ಏನೂ ಇರಲ್ಲ, ಬಿಪಿ ಬಿದ್ದು ಜೀವಕ್ಕೇ ಅಪಾಯ. ಇಳಿಸೋದು ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ. ಆ ಪುಡಿ ಪೊಟ್ಟಣನೂ ಜೊತೇಲಿ ತಗೊಂಡು ಹೋಗಿ ತೋರಿಸಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಉಂಟು, ಒಬ್ಬರು ಅಜ್ಜಿ ನನ್ನ ಹತ್ರ ಬಂದಾಗ ಮುಖ ದುಂಡಗಾಗಿ ಊದಿತ್ತು, ಶುಗರ್ 400 ದಾಟಿತ್ತು, ತೋಳಲ್ಲೆಲ್ಲ ನೀಲಿ ಕಲೆ, "ನಾನು ಇಂಗ್ಲಿಷ್ ಮಾತ್ರೆ ಮುಟ್ಟೇ ಇಲ್ಲ, ಬರೀ ಮಂಡಿ ಪುಡಿ" ಅಂದ್ರು. ಎರಡು ದಿನದಲ್ಲಿ ನೋವು ಮಾಯ ಮಾಡೋ ಪುಡಿ ಕಂಡ್ರೆ ಮೊದಲು ಅನುಮಾನ ಪಡಿ.

ಪ್ರಶ್ನೆ: ಆಸ್ಟಿಯೋಕ್ಯಾಲ್ಸಿನ್ ಟೆಸ್ಟ್ ಲ್ಯಾಬ್‌ನಲ್ಲಿ ಮಾಡ್ತಾರಂತೆ. ಸ್ಟೀರಾಯ್ಡ್ ತಗೊಳೋರು ಮಾಡಿಸ್ಬೇಕಾ?
– ಬೆಂಗಳೂರು

ಉತ್ತರ: ಬೇಡ. ಅದು ಮೂಳೆ ಎಷ್ಟು ವೇಗವಾಗಿ ಕಟ್ತಾ ಇದೆ ಅಂತ ನೋಡೋಕೆ ಇರೋ ಟೆಸ್ಟು, ಸ್ಟೀರಾಯ್ಡ್ ತಗೊಂಡ್ರೆ ಕಮ್ಮಿ ಬರುತ್ತೆ ಅಂತ ಮಾಡಿಸ್ದೇನೇ ಗೊತ್ತು, ಕಮ್ಮಿ ಬಂದ್ರೆ ಅದಕ್ಕಂತ ಕೊಡೋಕೆ ಔಷಧಿ ಇಲ್ಲ. ರಕ್ತದ ಸ್ಯಾಂಪಲ್ ಕೂಡ ತಣ್ಣಗೆ ಇಡದೇ ಹೋದ್ರೆ ಆ ಪ್ರೋಟೀನ್ ಬೇಗ ಒಡೆದು ಹೋಗಿ ನಂಬರ್ ತಪ್ಪು ಬರುತ್ತೆ. ಅದೇ ದುಡ್ಡಲ್ಲಿ ಶುಗರ್ ಮಷಿನ್‌ಗೆ ಸ್ಟ್ರಿಪ್ ತಗೊಳಿ, ಮೂರು ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ನಡೆಯೋ ಹಾಗಿದ್ರೆ ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಒಂದು ಮಾಡಿಸಿ.